ಸೈರನ್ ಇಲ್ಲದ ಶಿಫ್ಟು

ಕಳೆದ ವಾರ ಅಣ್ಣ ಫೋನು ಮಾಡಿ ಬೈದ. ನನಗಲ್ಲ, ತನ್ನ ಮಗಳಿಗೆ. (ಅವಳಿಗೆ ಬೈಯಲು ಧೈರ್ಯ ಸಾಲದಿದ್ದಾಗೆಲ್ಲ ನನಗೆ ಫೋನು ಬರುತ್ತದೆ.)

"ಬಿಇ ಓದಿ ಅಡಿಕೆ ಸುಲಿಯೋ ಮೆಷಿನ್ ರಿಪೇರಿ ಅಂಗಡಿ ಹಾಕ್ತಾಳಂತೆ ಮಾರಾಯ! ಓಪನಿಂಗಿಗೆ ನಾನಂತೂ ಬರಲ್ಲ. ನೀನಾದ್ರೂ ಬುದ್ಧಿ ಹೇಳು."

ಹೇಳಲು ಹೊರಟೆ. ಶಿವಮೊಗ್ಗದ ಸವಳಂಗ ರಸ್ತೆಯಲ್ಲಿ ಸಹನಾ ಹೊಸ ಅಂಗಡಿಗೆ ಬಣ್ಣ ಹೊಡೆಯುತ್ತಿದ್ದಳು. ಮೂಗಿನ ತುದಿಯಲ್ಲೂ ನೀಲಿ.

"ಯಾಕಮ್ಮಾ ಇದೆಲ್ಲ? ಪ್ಯಾಶನ್ನಾ?" ಎಂದೆ. (ಯೂಟ್ಯೂಬಿನಲ್ಲಿ ಎಲ್ಲರೂ ಹಾಗೇ ಹೇಳುತ್ತಾರಲ್ಲ!)

"ಪ್ಯಾಶನ್ನೂ ಇಲ್ಲ, ಮಣ್ಣೂ ಇಲ್ಲ ಚಿಕ್ಕಪ್ಪ. ಭದ್ರಾವತಿ ಫ್ಯಾಕ್ಟರಿ ನಿಂತ್ಮೇಲೂ ಅಪ್ಪ ಬೆಳಗ್ಗೆ ಸ್ನಾನ ಮಾಡಿ, ಖಾಕಿ ಹಾಕ್ಕೊಂಡು ಬಾಗಿಲಲ್ಲಿ ಸುಮ್ನೆ ಕೂತಿರ್ತಿದ್ರು. ಅವತ್ತೇ ಅನ್ಕೊಂಡೆ, ಇನ್ನೊಬ್ರು ಬೀಗ ಹಾಕೋ ಗೇಟಿನೊಳಗೆ ನಾನು ಹೋಗಲ್ಲ ಅಂತ."

ಬುದ್ಧಿ ಹೇಳಲು ಹೋದವನು ಇನ್ನೊಂದು ಬ್ರಷ್ ಕೈಗೆತ್ತಿಕೊಂಡೆ. ಈಗಿನ ಹುಡುಗರು ಬಿಸಿನೆಸ್ಸಿಗೆ ಇಳಿಯುವುದು ದುಡ್ಡಿಗೆ, ಹೆಸರಿಗೆ, ಇಲ್ಲಾ ಬಾಸ್ ಕಾಟ ತಪ್ಪಿಸಿಕೊಳ್ಳಲು ಎಂದೇ ನಾನು ತಿಳಿದಿದ್ದೆ.

ನಿಮಗೆ ಆ ಸೈರನ್ ನೆನಪಿದೆಯೇ? ಭದ್ರಾವತಿಯ ಜನ್ನಾಪುರದಲ್ಲಿ ನಮ್ಮ ಮನೆಗೆ ಗಡಿಯಾರವೇ ಬೇಕಿರಲಿಲ್ಲ. ಫ್ಯಾಕ್ಟರಿ ಸೈರನ್ ಕೂಗಿದರೆ ಅಮ್ಮ ಎಸರಿಗೆ ಅಕ್ಕಿ ಹಾಕುತ್ತಿದ್ದಳು. ಪಕ್ಕದ ಮನೆಯ ತಮಿಳು ಅಕ್ಕನೂ ಅಷ್ಟೇ. ಅನ್ನ ಬೇಯುವಷ್ಟರಲ್ಲಿ ಬೀದಿ ತುಂಬ ಸೈಕಲ್ ಬೆಲ್ಲು. ಮೊದಲು ಅಪ್ಪ ಬರುತ್ತಿದ್ದ, ಮುಂದಿನ ವರ್ಷಗಳಲ್ಲಿ ಅಣ್ಣ. ಎಂಥ ನೆಮ್ಮದಿ ಅದು! ಈಗಲೂ ನೆನೆದರೆ ಸಂಕಟವಾಗುತ್ತದೆ. ಆ ನೆಮ್ಮದಿಯ ಬೀಗದ ಕೈ ನಮ್ಮ ಹತ್ತಿರ ಇಲ್ಲ ಅಂತ ಆಗ ಯಾರಿಗೆ ಗೊತ್ತಿತ್ತು?

ಓಪನಿಂಗಿಗೆ ಅಣ್ಣ ಬರಲೇ ಇಲ್ಲ. ಪೂಜೆ ಮುಗಿಯುವವರೆಗೂ ಸಹನಾ ರಸ್ತೆ ಕಡೆಯೇ ನೋಡುತ್ತಿದ್ದಳು. ನಾನು ಕೊಟ್ಟ ಲಡ್ಡನ್ನೂ ತಿನ್ನಲಿಲ್ಲ.

ಮರುದಿನ ಬೆಳಗ್ಗೆ ಆ ಕಡೆ ಹೋದರೆ, ಮುಚ್ಚಿದ ಷಟರ್ ಮುಂದೆ ಖಾಕಿ ಅಂಗಿ ತೊಟ್ಟು, ಊಟದ ಡಬ್ಬಿ ಹಿಡಿದು ಯಾರೋ ನಿಂತಿದ್ದಾರೆ. ಅಣ್ಣ! ಜನ್ನಾಪುರದಿಂದ ಮೊದಲ ಬಸ್ಸಿಗೇ ಬಂದುಬಿಟ್ಟಿದ್ದ. ಮಾಲೀಕಳು ಸ್ಕೂಟರಿನಲ್ಲಿ ಬಂದದ್ದು ಒಂಬತ್ತೂವರೆಗೆ.

"ಶಿಫ್ಟು ಶುರುವಾಗೋದು ಇಷ್ಟೊತ್ತಿಗೇನೇ? ಆಯನೂರಿನ ಪಾರ್ಟಿ ಒಬ್ಬ ಮೆಷಿನ್ ತಂದು, ಕಾದು ಕಾದು ವಾಪಸ್ ಹೋದ!"

ಸಹನಾ ಸ್ಕೂಟರಿನಿಂದ ಇಳಿದಳು. ಕೀ ಅವನ ಕೈಗಿಟ್ಟಳು. "ನಾಳೆಯಿಂದ ನೀವೇ ತೆಗೀರಿ ಅಪ್ಪ."

"ನಾಳೆ ಯಾಕೆ?" ಎಂದವನೇ ಅಣ್ಣ ಬಗ್ಗಿ ಬೀಗ ತೆಗೆದು, ಷಟರನ್ನು ದಡದಡ ಮೇಲೆತ್ತಿದ.

ಅಮ್ಮ ಇದ್ದಿದ್ದರೆ, ಆ ಸದ್ದಿಗೇ ಎಸರಿಗೆ ಅಕ್ಕಿ ಹಾಕಿಬಿಡುತ್ತಿದ್ದಳು.