ಒಂಬತ್ತು ಸಲ ಕೇಳಿದ ಪ್ರಶ್ನೆ

ಬಾಗಿಲು ಬಡಿದರೆ ವೆಟೂರಿಯಾ "ಯಾರು?" ಎಂದು ಕೇಳುವುದಿಲ್ಲ. ಎದ್ದು ಹೋಗಿ ತೆಗೆದೇ ಬಿಡುತ್ತಾಳೆ. ಫೋನು ಬಂದರೂ ಅಷ್ಟೆ, ಕಿವಿಗಿಟ್ಟುಕೊಂಡು ಸುಮ್ಮನಿರುತ್ತಾಳೆ. ಡ್ಯಾನ್ಯೂಬ್ ದಡದ ಆ ಪುಟ್ಟ ಊರಿನಲ್ಲಿ ಇದೊಂದು ನಗೆಪಾಟಲಿನ ವಿಷಯ. "ಕಳ್ಳ ಬಂದ್ರೂ ಬಾರಪ್ಪಾ ಅಂತ ಕೂರಿಸಿ ಕಾಫಿ ಕೊಡ್ತಾಳೆ ಇವಳು," ಎಂದು ಪಕ್ಕದ ಮನೆಯವಳು ಆಡಿಕೊಳ್ಳುತ್ತಾಳೆ. ವೆಟೂರಿಯಾಳ ಬಾಯಿಯೇನು ಕಡಿಮೆಯದಲ್ಲ. "ಕಳ್ಳ ನಿನ್ನಷ್ಟು ಹೊತ್ತು ಕೂರಲ್ಲ ಬಿಡು," ಎನ್ನುತ್ತಾಳೆ. ಆದರೆ ಏಕೆ ಕೇಳುವುದಿಲ್ಲ ಎಂಬುದನ್ನು ಇಪ್ಪತ್ತೇಳು ವರ್ಷಗಳಲ್ಲಿ ಒಬ್ಬರಿಗೂ ಹೇಳಿದವಳಲ್ಲ.

ಅವಳು ನರ್ಸು. ಊರ ಆಸ್ಪತ್ರೆಯ ಹಿಂಭಾಗದಲ್ಲಿ, ಬಟ್ಟೆ ಒಗೆಯುವ ಕೋಣೆಯ ಪಕ್ಕ, ಹೆಂಗಸರ ಕೋಣೆಯೊಂದನ್ನು ನೋಡಿಕೊಳ್ಳುತ್ತಾಳೆ. ಮೇಜಿನ ಮೇಲೆ ಒಂದು ತಟ್ಟೆ. ಅದರಲ್ಲಿ ಗರ್ಭನಿರೋಧಕ ಮಾತ್ರೆ, ಕಾಪರ್-ಟಿ, ಕಾಂಡೋಮು, ಮೂರು ತಿಂಗಳಿಗೊಮ್ಮೆ ಕೊಡುವ ಇಂಜೆಕ್ಷನ್ನು, ಗರ್ಭಕಂಠದ ಪರೀಕ್ಷೆಗೆ ಬಳಸುವ ಪುಟ್ಟ ಬ್ರಷ್ಷು. "ಮುಟ್ಟಿ ನೋಡಿ," ಎಂದು ಬಂದವರ ಮುಂದೆ ತಟ್ಟೆ ತಳ್ಳುತ್ತಾಳೆ. "ಬದನೆಕಾಯಿ ತಗೊಳ್ಳೋವಾಗ ಹತ್ತು ಸಲ ಹಿಸುಕಿ ನೋಡ್ತೀರಿ. ಮೈಯೊಳಗೆ ಹೋಗೋದನ್ನ ನೋಡದೇ ತಗೋತೀರಾ? ನಿಮಗೆ ಯಾವುದು ಒಗ್ಗುತ್ತೆ, ಯಾವುದು ಒಗ್ಗಲ್ಲ, ನಾನು ಹೇಳ್ತೀನಿ. ಆರಿಸ್ಕೊಳ್ಳೋದು ನೀವು. ಯಾವುದೂ ಬೇಡ ಅಂದ್ರೂ ಸರಿ. ತಿಳೀದೆ ಮಾತ್ರ ಒಪ್ಕೋಬೇಡಿ."

ಇದೆಲ್ಲಕ್ಕೂ ಮೊದಲು ಒಂದು ಮಣ್ಣಿನ ಲೋಟದಲ್ಲಿ ನೀರು ಕೊಡುತ್ತಾಳೆ. ಅದು ಪೊಮಾನಾ, ಸತ್ತವರ ಹೆಸರಿನಲ್ಲಿ ಕೊಡುವ ದಾನ. ಪಡೆದವರು "ಬೊಗ್ದಪ್ರೋಸ್ತೆ" ಎನ್ನಬೇಕು, ದೇವರು ಅವರನ್ನು ಕ್ಷಮಿಸಲಿ ಎಂದು. ಆಗಲೇ ಅದು ಸತ್ತವರಿಗೆ ಮುಟ್ಟುವುದು. ಯಾರ ಹೆಸರಿನ ನೀರು ಎಂದು ಹೆಂಗಸರು ಕೇಳಿದರೆ ವೆಟೂರಿಯಾ ಮಾತು ಬದಲಿಸುತ್ತಾಳೆ.

ಅದು ಚಿವಾ ಎಂಬವಳ ಹೆಸರಿನ ನೀರು. ನೂಲಿನ ಗಿರಣಿಯಲ್ಲಿ ಕೆಲಸ ಮಾಡುತ್ತಿದ್ದವಳು, ಮೂವತ್ತೊಂದು ವರ್ಷ. ದೇಶಕ್ಕೆ ಹೆಚ್ಚು ಮಕ್ಕಳು ಬೇಕೆಂದು ಸರ್ಕಾರ, ಗರ್ಭನಿರೋಧಕ ಮಾತ್ರೆಯೂ ಅಪರಾಧ, ಗರ್ಭ ತೆಗೆಸಿಕೊಳ್ಳುವುದೂ ಅಪರಾಧ ಎನ್ನುತ್ತಿದ್ದ ಕಾಲ ಅದು. ಯಾವುದೋ ಮನೆಯಲ್ಲಿ ಕದ್ದು ತೆಗೆಸಿಕೊಂಡು, ರಕ್ತ ನಿಲ್ಲದೆ, ಒಂದು ಮಧ್ಯಾಹ್ನ ಇದೇ ಆಸ್ಪತ್ರೆಗೆ ಬಂದಿದ್ದಳು. ಸರ್ಕಾರದ ಮನುಷ್ಯನೊಬ್ಬ ಮಂಚದ ಪಕ್ಕ ಕುರ್ಚಿ ಹಾಕಿಕೊಂಡು ಕೂತ. ಮಾಡಿದವರ ಹೆಸರು ಹೇಳುವವರೆಗೆ ಅವಳನ್ನು ಮುಟ್ಟುವಂತಿಲ್ಲ ಎಂದ. ಡಾಕ್ಟರು ಕೈಕಟ್ಟಿ ನಿಂತರು. "ಹೆಂಗಸು ಕೇಳಿದ್ರೆ ಬಾಯಿ ಬಿಡ್ತಾಳೆ, ನೀನೇ ಕೇಳು," ಎಂದು ಅವನು ವೆಟೂರಿಯಾಳನ್ನು ಮುಂದೆ ನೂಕಿದ. ವೆಟೂರಿಯಾ ಕೇಳಿದಳು. ಬೇಗ ಹೆಸರು ಹೇಳಿದರೆ ಬೇಗ ಉಳಿಸಬಹುದೆಂಬ ಆಸೆಯಿಂದ ಮೊದಲು ಮೆಲ್ಲಗೆ, ಆಮೇಲೆ ಗದರಿಸಿ. "ಯಾರು? ಯಾರು ಮಾಡಿದ್ದು?" ಒಂಬತ್ತು ಸಲ. ಚಿವಾ ಹೇಳಿದ್ದು ಒಂದೇ ಮಾತು: "ಅಕ್ಕಾ, ನೀರು." ಆಪರೇಷನ್ನಿಗೆ ಮುಂಚೆ ನೀರು ಕೊಡುವಂತಿರಲಿಲ್ಲ. ಆಪರೇಷನ್ನು ನಡೆಯಲೇ ಇಲ್ಲ. ಹೆಸರನ್ನು ಹೊಟ್ಟೆಯಲ್ಲಿಟ್ಟುಕೊಂಡೇ ಅವಳು ಹೋದಳು.

ಅಂದಿನಿಂದ ನಲ್ಲಿ ತೊಟ್ಟಿಕ್ಕಿದರೂ ವೆಟೂರಿಯಾಳಿಗೆ ಆ ಮಾತೇ ಕೇಳಿಸುತ್ತದೆ. ಸಾವಿರ ಲೋಟ ಕೊಟ್ಟಿದ್ದಾಳೆ, ಒಂದೂ ಚಿವಾಳಿಗೆ ಮುಟ್ಟಿಲ್ಲ ಎಂದು ಅವಳಿಗೆ ಗೊತ್ತು. ಮಾಡಿದ್ದುಣ್ಣೋ ಮಹಾರಾಯ.

ಈ ವಸಂತದಲ್ಲಿ ಝಂಫೀರಾ ಎಂಬ ಮೂವತ್ತೈದರ ಹೆಂಗಸು ಬಂದಳು. ನೀರಿನ ಲೋಟವನ್ನು ಪಕ್ಕಕ್ಕೆ ಸರಿಸಿ, ನಿಂತೇ ಹೇಳಿದಳು.

"ಎಂಟು ತಿಂಗಳಾಯ್ತು ಸಿಸ್ಟರ್. ಮುಟ್ಟಿಲ್ಲದಾಗಲೂ ರಕ್ತ. ಗಂಡನ ಜೊತೆ ಮಲಗಿದ್ರೂ ರಕ್ತ. ನಿಲ್ಲೋಕೆ ಒಂದು ಮಾತ್ರೆ ಕೊಡಿ, ಹೋಗ್ತೀನಿ. ಆ ಪರೀಕ್ಷೆ ಟೇಬಲ್ ಮೇಲೆ ಮಾತ್ರ ಮಲಗಲ್ಲ."

"ಮಾತ್ರೆಗೆ ರಕ್ತ ನಿಲ್ಲಬಹುದು ತಾಯಿ, ಕಾರಣ ಹೋಗಲ್ಲ. ಬರೀ ಹಾರ್ಮೋನಿನ ಏರುಪೇರು ಇರಬಹುದು. ಕ್ಯಾನ್ಸರಿನ ಶುರುವೂ ಇರಬಹುದು. ಶುರುವಲ್ಲೇ ಹಿಡಿದ್ರೆ ಎಷ್ಟೋ ಜನ ವಾಸಿಯಾಗಿದಾರೆ. ನೋಡದೇ ಹೇಳೋಕಾಗಲ್ಲ. ಒಲಿಂಪಿಯಾ ಡಾಕ್ಟ್ರು ಗುರುವಾರ ಬರ್ತಾರೆ, ಹೆಂಗಸೇ. ಇಲ್ಲಿ ಬೇಡ ಅಂದ್ರೆ ಜಿಲ್ಲಾ ಆಸ್ಪತ್ರೆಗೆ ಚೀಟಿ ಬರ್ಕೊಡ್ತೀನಿ. ಮಧ್ಯದಲ್ಲಿ ನೀವು ಸಾಕು ಅಂದ್ರೆ ಅಲ್ಲಿಗೇ ನಿಲ್ಲಿಸ್ತಾರೆ."

"ನಮ್ಮಮ್ಮ ಸಾಯ್ತಿದ್ರೂ ನಿಲ್ಲಿಸಿದ್ರಾ?" ಎಂದಳು ಝಂಫೀರಾ. "ಇಲ್ಲೇ ಸತ್ತಿದ್ದು. ಗಿರಣಿಯ ಚಿವಾ ಅಂತ. ನಂಗೆ ಎಂಟು ವರ್ಷ, ಹೊರಗೆ ಬೆಂಚಿನ ಮೇಲೆ ಕೂತಿದ್ದೆ. ಒಬ್ಬ ಹೆಂಗಸು ಯಾರು ಯಾರು ಅಂತ ಕೇಳ್ತಾನೇ ಇದ್ಲು. ಈಗ್ಲೂ ಬಿಳಿ ಕೋಟು ಕಂಡ್ರೆ ಆ ಧ್ವನಿ ಕಿವಿಗೆ ಬರುತ್ತೆ."

ವೆಟೂರಿಯಾ ತಲೆ ತಗ್ಗಿಸಿ ಜಿಲ್ಲಾ ಆಸ್ಪತ್ರೆಯ ಚೀಟಿ ಬರೆದು ಮೇಜಿನ ಮೇಲಿಟ್ಟಳು. ಬಾಯಲ್ಲಿ ಬಿಸಿತುಪ್ಪ, ಉಗುಳುವಂತಿಲ್ಲ, ನುಂಗುವಂತಿಲ್ಲ. ಸುಮ್ಮನಿದ್ದರೆ ಗುರುವಾರದ ಹೊತ್ತಿಗೆ ಹೇಗಾದರೂ ಪುಸಲಾಯಿಸಿ ಮಲಗಿಸಬಹುದು. ಬಾಯಿಬಿಟ್ಟರೆ ಈ ಹೆಂಗಸು ರೋಗವನ್ನು ಹೊಟ್ಟೆಯಲ್ಲಿಟ್ಟುಕೊಂಡೇ ಎದ್ದು ಹೋಗುತ್ತಾಳೆ. ಆದರೆ ತಿಳಿಯದೆ ಒಪ್ಪಬೇಡಿ ಎಂದು ಊರಿಗೆಲ್ಲ ಹೇಳಿದವಳು ಚಿವಾಳ ಮಗಳಿಗೇ ಮುಚ್ಚಿಡುವುದೇ?

"ಆ ಧ್ವನಿ ನನ್ನದು," ಎಂದಳು.

ಝಂಫೀರಾ ಮೇಜಿನ ಹತ್ತಿರ ಬಂದಳು. "ಅಮ್ಮ ಏನಂದ್ಲು?"

"ಹೆಸರು ಹೇಳಲಿಲ್ಲ. ನೀರು ಕೇಳಿದ್ಲು."

"ಕೊಟ್ಯಾ?"

"ಇಲ್ಲ."

ಝಂಫೀರಾ ಚೀಲ ಎತ್ತಿಕೊಂಡು ಹೊರಟುಹೋದಳು. ಜಿಲ್ಲಾ ಆಸ್ಪತ್ರೆಯ ಚೀಟಿಯೂ ನೀರೂ ಮೇಜಿನ ಮೇಲೇ ಉಳಿದವು.

ಒಂದು ಗುರುವಾರ ಕಳೆಯಿತು, ಇನ್ನೊಂದೂ ಕಳೆಯಿತು. ತಾಯಿಯನ್ನು ಕೇಳಿ ಕೊಂದೆ, ಮಗಳನ್ನು ಹೇಳಿ ಕೊಂದೆ ಎಂದು ವೆಟೂರಿಯಾ ಕೊರಗಿದಳು. ಊಟ ಸೇರಲಿಲ್ಲ. ಆಸ್ಪತ್ರೆಯ ನಲ್ಲಿಗಳನ್ನೆಲ್ಲ ಒಂದೊಂದಾಗಿ ಬಿಗಿ ಮಾಡಿ ಬಂದಳು. ಆದರೂ ಎಲ್ಲೋ ಒಂದು ತೊಟ್ಟಿಕ್ಕುತ್ತಲೇ ಇತ್ತು.

ಮೂರನೆಯ ಗುರುವಾರ, ಒಲಿಂಪಿಯಾ ಡಾಕ್ಟರು ಒಳಗಡೆ ಕೈ ತೊಳೆಯುತ್ತಿದ್ದಾಗ, ಬಾಗಿಲು ಬಡಿಯಿತು. ವೆಟೂರಿಯಾ ಎಂದಿನಂತೆ ತೆಗೆಯಲು ಹೋದಳು. ಆಚೆಯಿಂದ ಹಿಡಿಕೆಯನ್ನು ಗಟ್ಟಿಯಾಗಿ ಹಿಡಿದಿದ್ದರು.

"ತೆಗೀಬೇಡ. ಮೊದಲು ಕೇಳು."

"ಏನು ಕೇಳ್ಲಿ?"

"ಅಮ್ಮನ್ನ ಕೇಳಿದ್ಯಲ್ಲ, ಅದನ್ನೇ."

ವೆಟೂರಿಯಾ ಹಿಡಿಕೆಯಿಂದ ಕೈ ತೆಗೆದಳು. ಹಣೆಯನ್ನು ಬಾಗಿಲಿಗೆ ಒತ್ತಿ ನಿಂತಳು. "ಯಾರು?" ಎಂದಳು. ಅವಳ ಬಾಯಿಂದ ಬಂದದ್ದು ಅಂದಿನ ಅದೇ ಧ್ವನಿ, ಒಂದಿಷ್ಟೂ ಸವೆದಿರಲಿಲ್ಲ.

"ಚಿವಾ ಮಗಳು. ಬದುಕಬೇಕು ಅಂತ ಬಂದಿದೀನಿ."

ಹಿಡಿಕೆ ಸಡಿಲವಾಯಿತು. ಝಂಫೀರಾ ಒಳಗೆ ಬಂದು, ಇವಳ ಮುಖ ನೋಡದೆ ಲೋಟ ಎತ್ತಿಕೊಂಡು ತಳದವರೆಗೂ ಕುಡಿದಳು. "ಬೊಗ್ದಪ್ರೋಸ್ತೆ. ಇದು ಅಮ್ಮನಿಗೆ. ನಿನ್ನನ್ನ ಕ್ಷಮಿಸಿದೀನಿ ಅಂದ್ಕೋಬೇಡ," ಎಂದಳು. ಆಮೇಲೆ ಚಪ್ಪಲಿ ಬಿಟ್ಟು, ಟೇಬಲ್ ಹತ್ತಿ ಮಲಗಿ, ಕಣ್ಣು ಮುಚ್ಚಿ ಕೈ ಚಾಚಿದಳು.

"ಹಿಡ್ಕೊ. ಮಾತಾಡ್ಬೇಡ."

ವೆಟೂರಿಯಾ ಹಿಡಿದುಕೊಂಡಳು.