ಪಡಸಾಲೆಯೊಳಗಿನ ಹಾದಿ

ಹೊಸ ಮನೆಗೆ ಬಂದ ಮೊದಲ ಬೆಳಗ್ಗೆ ನಾನು ಒದ್ದೆ ಕೂದಲಿಗೆ ಟವೆಲ್ ಸುತ್ತಿಕೊಂಡು, ಚಹಾದ ಕಪ್ಪು ಹಿಡಿದು ಪಡಸಾಲೆಯಲ್ಲಿ ನಿಂತಿದ್ದೆ. "ಹಾದಿ ಕೊಡ್ರೆವ್ವಾ" ಎನ್ನುತ್ತ ಒಬ್ಬ ಮುದುಕಿ ಮುಂಬಾಗಿಲಿನಿಂದ ಒಳಗೆ ಬಂದಳು. ಚಪ್ಪಲಿ ಕೈಯಲ್ಲಿತ್ತು. ಎಡಗಾಲು ಎಳೆಯುತ್ತ ಪಡಸಾಲೆ ದಾಟಿ, ಅಡುಗೆಮನೆಯ ಪಕ್ಕದಿಂದ ಹಾಯ್ದು, ಹಿತ್ತಲ ಬಾಗಿಲು ತೆಗೆದು ಹಿಂದಿನ ಓಣಿಗೆ ಇಳಿದಳು. ನಾನು ಬಾಯಿ ತೆರೆಯುವಷ್ಟರಲ್ಲಿ ಹಾಲಿನ ಕ್ಯಾನು ಹಿಡಿದವನೊಬ್ಬ "ಹಾದಿ ಕೊಡ್ರಿ" ಎಂದ. ಅವನೂ ಹೋದ. ಚಹಾ ಆರುವುದರೊಳಗೆ ಐದು ಜನ ನನ್ನ ಮನೆಯೊಳಗಿಂದ ಹಾಯ್ದುಹೋಗಿದ್ದರು. ಹಾದಿ ಕೇಳುವುದೇನೋ ಸರಿ, ಕೊಟ್ಟೆ ಎನ್ನುವವರೆಗಾದರೂ ನಿಲ್ಲಬೇಕಲ್ಲ!

ಹೊಸ ಮನೆ ಎಂದೆ. ಹೊಸದು ನಮಗಷ್ಟೇ. ಗೋಡೆ ಒಂದು ಮೊಳಕ್ಕೂ ದಪ್ಪ, ಮೇಲೆ ಮಣ್ಣಿನ ಮಾಳಿಗೆ, ಬಾಗಿಲು ಎಷ್ಟು ಗಿಡ್ಡವೆಂದರೆ ಮೊದಲ ವಾರ ದಿನಕ್ಕೊಮ್ಮೆ ಹಣೆ ಬಡಿಸಿಕೊಂಡೆ. ಅದಕ್ಕೂ ಮುಂಚೆ ನಾನು ಸ್ಟೇಷನ್ ರಸ್ತೆಯಲ್ಲಿ ಮೂರನೇ ಮಹಡಿಯ ಬಾಡಿಗೆ ಮನೆಯಲ್ಲಿದ್ದೆ. ಬಬಲೇಶ್ವರದ ಹೈಸ್ಕೂಲಿನಲ್ಲಿ ಗಣಿತ ಕಲಿಸುವವಳಿಗೆ ಬಸ್ಸು ಹತ್ತಿರವಿದ್ದರೆ ಸಾಕಿತ್ತು. ಆದರೆ ಮೊಣಕಾಲು ತೋರಿಸಲು ಟಿಕೋಟದಿಂದ, ತಮ್ಮನ ಮನೆಯಿಂದ, ಅವ್ವ ಬಂದಳು. ಒಂದು ಸಲ ಮೇಲೆ ಹತ್ತಿದವಳು ದವಾಖಾನೆಗೆ ಹೋಗುವುದನ್ನು ಬಿಟ್ಟರೆ ಮತ್ತೆ ಕೆಳಗೆ ಇಳಿಯಲಿಲ್ಲ.

ಅವ್ವ ತನ್ನ ಬಟ್ಟೆಬರೆಗಳನ್ನು ಹಳೆಯ ಇಳಕಲ್ ಸೀರೆಯೊಂದರಲ್ಲಿ ಗಂಟು ಕಟ್ಟಿಕೊಂಡು ಬಂದಿದ್ದಳು. ಆ ಗಂಟು ಬಿಚ್ಚಲೇ ಇಲ್ಲ. ಬೇಕಾದ ಸೀರೆ ಎಳೆದುಕೊಳ್ಳುವುದು, ಮತ್ತೆ ಬಿಗಿಯುವುದು. ಕಪಾಟಿನಲ್ಲಿ ಒಂದು ಖಾನೆ ಖಾಲಿ ಮಾಡಿಕೊಟ್ಟೆ, ಅದು ಖಾಲಿಯೇ ಉಳಿಯಿತು. "ಮೊಣಕಾಲ ನೆಟ್ಟಗಾತಂದ್ರ ಟಿಕೋಟಕ್ಕ ಹೊಂಟೆ" ಎನ್ನುವಳು. ಅವಳು ನನ್ನ ಹತ್ತಿರ ಉಳಿಯಲಿ ಎಂಬ ಒಂದೇ ಆಸೆಗೆ, ಮೆಟ್ಟಿಲಿಲ್ಲದ ಮನೆಯೇ ಬೇಕೆಂದು ಹುಡುಕಿ, ಗೋಳಗುಮ್ಮಟದ ಹಿಂದಿನ ಈ ಹಳೆಯ ಓಣಿಗೆ ಬಂದೆ. ಇಲ್ಲಿ ಬಂದ ಮೇಲಾದರೂ ಗಂಟು ಬಿಚ್ಚುತ್ತಾಳೆಂದು ಕಾದೆ. ಅವಳು ಅದನ್ನು ಒಯ್ದು ಪಡಸಾಲೆಯ ಕಂಬಕ್ಕೆ ಆನಿಸಿಟ್ಟು, ಅದಕ್ಕೇ ಒರಗಿ ಕುಳಿತಳು.

ಮನೆ ಮಾರಿದವನಿಗೆ ಫೋನ್ ಹಚ್ಚಿದೆ. ಮಾಳಿಗೆ ಎಲ್ಲಿ ಸೋರುತ್ತದೆ, ಯಾವ ಕಿಟಕಿ ಮುಚ್ಚುವುದಿಲ್ಲ, ಇಲಿ ಎಲ್ಲಿಂದ ಬರುತ್ತವೆ ಎಲ್ಲವನ್ನೂ ಹೇಳಿದ್ದ ಮಹಾರಾಯ ಇದೊಂದನ್ನು ಹೇಳಿರಲಿಲ್ಲ.

"ಅದರಾಗ ಹೇಳೂದೇನೈತ್ರಿ? ಸುತ್ತ ಹಾಕಿ ಹೋಗಾಕ ದೂರ ಆಕ್ಕೈತಿ. ನಮ್ಮ ಅಜ್ಜನ ಕಾಲದಿಂದ ಮಂದಿ ಹಿಂಗ ಅಡ್ಡಾಡ್ತಾರ. ಚಪ್ಪಲಿ ಕೈಯಾಗ ಹಿಡಕೋತಾರಿಲ್ಲ?"

ಚಪ್ಪಲಿ ಕೈಯಲ್ಲಿ ಹಿಡಿದರೆ ನನ್ನ ಮನೆ ಅವರ ಹಾದಿಯಾಗಿಬಿಡುತ್ತದೆಯೇ? ಮೈಯೆಲ್ಲ ಉರಿಯಿತು. ಕಾಗದಪತ್ರದಲ್ಲಿ ನಾಲ್ಕೂ ದಿಕ್ಕಿನ ಚೆಕ್ಕುಬಂದಿ ಬರೆದಿತ್ತು, ಉತ್ತರಕ್ಕೆ ಇಂಥವರ ಮನೆ, ಪಶ್ಚಿಮಕ್ಕೆ ಓಣಿ. ನಡುವೆ ಊರಮಂದಿ ಎಂದು ಎಲ್ಲಿಯೂ ಬರೆದಿರಲಿಲ್ಲ. ಒಂದು ವಾರ ಹಲ್ಲುಕಚ್ಚಿ ತಡೆದುಕೊಂಡು, ಒಂದು ಬೆಳಗ್ಗೆ ಬಾಗಿಲಲ್ಲೇ ನಿಂತು ಮುದುಕಿಯನ್ನು ತಡೆದೆ. ಆಕೆ ಮುಂದಿನ ಓಣಿಯವಳು, ಮಗಳ ಮನೆ ಹಿಂದಿನ ಓಣಿಯಲ್ಲಿ. ದಿನಕ್ಕೆರಡು ಸಲ ಹೋಗಿ ಬರುತ್ತಾಳೆ. ಇದು ಮನೆಯೋ ಬಸ್‌ಸ್ಟ್ಯಾಂಡೋ ಎಂದು ಕೂಗಾಡಿದೆ. ಅವಳೂ ಜಗಳಕ್ಕೆ ನಿಂತಿದ್ದರೆ ನನಗೆ ಸಮಾಧಾನವಾಗುತ್ತಿತ್ತು.

"ಕದಾ ಹಾಕೋತೀನಂದ್ರ ಹಾಕೋರಿ ಅಕ್ಕೋರ. ಮನಿ ನಿಮ್ಮದು" ಎಂದವಳೇ ತಿರುಗಿ ಹೋದಳು.

ಅಂದೇ ಸ್ಟೇಷನ್ ರಸ್ತೆಯ ಅಂಗಡಿಯಿಂದ ಅಂಗೈ ಅಗಲದ ಬೀಗ ತಂದು ಹಿತ್ತಲ ಬಾಗಿಲಿಗೆ ಜಡಿದೆ. ಕೀಲಿಯನ್ನು ಅಡುಗೆಮನೆಯ ಗೂಟಕ್ಕೆ ತೂಗುಹಾಕಿದೆ. ಆಮೇಲೆ ಒಂದು ನರಪಿಳ್ಳೆಯೂ ಬರಲಿಲ್ಲ. ನನ್ನ ಮನೆ ನನ್ನದಾಯಿತು. ಬಚ್ಚಲಿನಿಂದ ಹೇಗೆ ಬೇಕಾದರೂ ಬರಬಹುದಿತ್ತು, ಬಂದೆ.

ಎರಡು ವಾರವಾಗಿರಬೇಕು. ಅವ್ವ ಒಂದೂವರೆ ರೊಟ್ಟಿಯಿಂದ ಅರ್ಧಕ್ಕೆ ಇಳಿದಳು. ನಾನು ಬಬಲೇಶ್ವರದಿಂದ ಬಂದಾಗ ಬೆಳಗ್ಗೆ ಬಿಟ್ಟುಹೋದ ಜಾಗದಲ್ಲೇ ಗಂಟಿಗೆ ಒರಗಿ ಕೂತಿರುತ್ತಿದ್ದಳು. ಒಂದು ಸಂಜೆ ನೆಟ್ಟಗೆ ಹೇಳಿದಳು: "ನಿನ್ನ ತಮ್ಮಗ ಫೋನ್ ಹಚ್ಚು. ಐತವಾರ ಬಂದು ಕರಕೊಂಡು ಹೋಗ್ಲಿ."

"ಯಾಕವ್ವಾ? ಇಲ್ಲಿ ಏನ ಕಡಿಮಿ ಆಗೇತಿ ನಿನಗ?"

"ಆ ಕುಂಟ ಮುದುಕಿ ದಿನಾ ಕೇಳತಿದ್ಲು, ಇವತ್ತ ಏನ್ ಪಲ್ಯಾ ಅಂತ. ನೀ ಯಾವತ್ತರ ಕೇಳೀ ಏನ?"

ನಾನೇ ಮಾಡಿಟ್ಟುಹೋದ ಪಲ್ಯ ಯಾವುದೆಂದು ನಾನೇ ಯಾಕೆ ಕೇಳಬೇಕು? ಮಹಡಿ ಬಿಟ್ಟೆ, ಹಣೆ ಒಡೆದುಕೊಂಡೆ, ಇಲಿಗಳ ಜೊತೆ ಸಂಸಾರ ಹೂಡಿದೆ, ಯಾರಿಗೋಸ್ಕರ? ಇಷ್ಟೆಲ್ಲ ಮಾಡಿದವಳಿಗಿಂತ ಪಲ್ಯದ ಹೆಸರು ಕೇಳಿದವಳು ದೊಡ್ಡವಳಾದಳು! ಸಿಟ್ಟಿನಲ್ಲೇ ತಮ್ಮನಿಗೆ ಫೋನ್ ಮಾಡಿದೆ. ಬರುತ್ತೇನೆ ಎಂದ. ಫೋನ್ ಇಟ್ಟ ಮೇಲೆ ಅಡುಗೆಮನೆಗೆ ಹೋಗಿ ಅತ್ತೆ. ಸೋತಿದ್ದೆ.

ಶನಿವಾರ ಬೆಳಗಿನ ಸಾಲೆ. ಮಧ್ಯಾಹ್ನ ಬಸ್ಸಿಳಿದು ಓಣಿಗೆ ಬಂದರೆ ನಮ್ಮ ಮನೆಯಿಂದ ನಗು ಕೇಳಿಸುತ್ತಿತ್ತು. ತಲೆ ತಗ್ಗಿಸಿ ಹೊಸ್ತಿಲೊಳಗೆ ಕಾಲಿಡಬೇಕು, ಅಷ್ಟರಲ್ಲಿ ಒಳಗಿಂದ ಅವ್ವನ ದನಿ ಗುಡುಗಿತು.

"ನಿಲ್ಲ ಬೇ ಅಲ್ಲೇ! ತುಳದೀ!"

ಪಡಸಾಲೆಯ ಉದ್ದಗಲಕ್ಕೂ ಗೌಲಿ ಹರವಿದ್ದರು. ಕಲಸಿದ ಹಿಟ್ಟನ್ನು ಬೆರಳಲ್ಲಿ ತೀಡಿ ತೀಡಿ ಗೋಧಿಕಾಳಿನಷ್ಟಾಗಿ ಉದುರಿಸುತ್ತಾರಲ್ಲ, ಮದುವೆಯ ಪಾಯಸಕ್ಕೆ, ಅದು. ಮುದುಕಿಯ ಮೊಮ್ಮಗಳ ಮದುವೆ ಗೊತ್ತಾಗಿತ್ತಂತೆ, ಸುದ್ದಿ ಹೇಳಲು ಬಾಗಿಲಿಗೆ ಬಂದವಳನ್ನು ಅವ್ವನೇ ಒಳಗೆ ಕರೆದಿದ್ದಳಂತೆ. ಮುದುಕಿ, ಅವಳ ಮಗಳು, ಓಣಿಯ ಇನ್ನಿಬ್ಬರು, ನಡುವೆ ಕಾಲು ಚಾಚಿ ಕುಳಿತ ನನ್ನ ಅವ್ವ. ಅವಳ ಬೆರಳು ಎಲ್ಲರಿಗಿಂತ ಚುರುಕಾಗಿದ್ದವು. ಹಿತ್ತಲ ಬಾಗಿಲು ಹಾರುಹೊಡೆದಿತ್ತು.

"ಬೀಗ ಯಾರು ತಗದ್ರು?" ಎಂದೆ.

"ನಾ ತಗದೇನಿ. ಗೂಟಕ್ಕ ಇತ್ತಲ್ಲ ಕೀಲಿ" ಎಂದಳು ಅವ್ವ. ಬಚ್ಚಲಿಗೆ ಹೋಗಲು ನನ್ನ ಹೆಗಲು ಹಿಡಿಯುವವಳು, ಗೋಡೆ ಹಿಡಿದು ಅಡುಗೆಮನೆಗೆ ಹೋಗಿ, ಕೀಲಿ ತೆಗೆದುಕೊಂಡು, ಹಿತ್ತಲವರೆಗೆ ನಡೆದಿದ್ದಳು. "ಇಲ್ಲಿ ಕಾಲಿಡಾಕ ಜಾಗ ಇಲ್ಲ. ಸುತ್ತ ಹಾಕಿ ಹಿಂದಿನ ಬಾಗಲದಿಂದ ಬಾ."

ನೋಡಿ, ನನ್ನ ಮನೆಗೆ ನಾನೇ ಸುತ್ತು ಹಾಕಿ ಬರಬೇಕಂತೆ! ಗೊಣಗುತ್ತಲೇ ಹೊರಟೆ. ಓಣಿಯ ತುದಿಯವರೆಗೆ ಏರು. ಅಲ್ಲಿ ನಲ್ಲಿ ಪೈಪಿಗೆಂದು ಅಗೆದು ಬಿಟ್ಟ ಕಂದಕ, ದಾಟಲು ಒಂದು ಅಲುಗಾಡುವ ಹಲಗೆ. ಆಮೇಲೆ ದೊಡ್ಡ ರಸ್ತೆ, ಗುಮ್ಮಟ ನೋಡಲು ಬಂದವರ ಗಾಡಿಗಳ ಸಾಲು, ಮತ್ತೆ ಎಡಕ್ಕೆ ತಿರುಗಿ ತೆರೆದ ಗಟಾರದ ಪಕ್ಕದ ಇಳಿಜಾರು. ನೆತ್ತಿ ಸುಡುವ ಬಿಸಿಲು. ಎರಡೂ ಕಾಲು ನೆಟ್ಟಗಿದ್ದ ನನಗೇ ಉಸಿರು ಹತ್ತಿತು. ಹಲಗೆಯ ಮೇಲೆ ನಿಂತಾಗ ಆ ಎಳೆಯುವ ಎಡಗಾಲು ನೆನಪಾಯಿತು. ಎರಡು ವಾರ, ದಿನಕ್ಕೆರಡು ಸಲ. ದಾರಿಯಲ್ಲಿ ಸಿಕ್ಕಾಗ ಒಂದು ಮಾತೂ ಅಂದಿರಲಿಲ್ಲ ಮುದುಕಿ. ಅನ್ನಬೇಕಿತ್ತು. ಅಂದಿದ್ದರೆ ಇಷ್ಟು ನಾಚಿಕೆಯಾದರೂ ತಪ್ಪುತ್ತಿತ್ತು.

ಹಿತ್ತಲ ಬಾಗಿಲಿಗೆ ಬಂದು ಚಪ್ಪಲಿ ಕೈಗೆ ತೆಗೆದುಕೊಂಡೆ. ಯಾರೂ ಹೇಳಿರಲಿಲ್ಲ. ಒಳಗೆ ಹೋಗಿ ಗೌಲಿಯ ಅಂಚಿನಲ್ಲಿ ನಿಂತಾಗಲೇ ಕಂಡದ್ದು, ಅವರು ಅದರ ಕೆಳಗೆ ಹಾಸಿದ್ದು ಅವ್ವನ ಆ ಹಳೆಯ ಇಳಕಲ್ ಸೀರೆ. ಕಂಬದ ಬುಡ ಬರಿದಾಗಿತ್ತು. ಕಪಾಟು ತೆಗೆದು ನೋಡಿದೆ. ಖಾಲಿ ಖಾನೆ ತುಂಬಿತ್ತು. ಅದು ಸಾಲದೆಂದು ನನ್ನ ಖಾನೆಯಲ್ಲೂ ಅವಳ ಸೀರೆಗಳು, ನನ್ನವು ಮಂಚದ ಮೇಲೆ ರಾಶಿ ಬಿದ್ದಿದ್ದವು.

"ನಾಳೆ ತಮ್ಮ ಬರತಾನಲ್ಲ ನಿನ್ನ ಕರಕೊಂಡು ಹೋಗಾಕ?" ಎಂದೆ. ದನಿಯಲ್ಲಿ ಸಿಟ್ಟೇ ಇರಲಿ ಎಂದು ನೋಡಿದೆ, ಇರಲಿಲ್ಲ.

ಅವ್ವ ತಲೆ ಎತ್ತಲಿಲ್ಲ. "ಬರ್ಲಿ. ಉಂಡು ಹೋಗ್ಲಿ. ನಾ ಹೆಂಗ ಹೋಗ್ಲಿ ಬೇ, ಗಂಟ ಕಟ್ಟಾಕ ಸೀರಿ ಎಲ್ಲೈತಿ?"