ರಬ್ಬರು ಹಿಡಿದ ರಾವುತ

ನಮ್ಮ ಮನೆಯಲ್ಲಿ ತೊಂಬತ್ತೆಂಟು ಕುದುರೆಗಳಿವೆ. ಗಾಬರಿಯಾಗಬೇಡಿ, ಒಂದೂ ಲದ್ದಿ ಹಾಕುವುದಿಲ್ಲ, ಹುರುಳಿ ಕೇಳುವುದಿಲ್ಲ. ವಿಜಯನಗರದ ಈ ಪುಟ್ಟ ಮನೆಯ ಕಬ್ಬಿಣದ ಬೀರುವಿನಲ್ಲಿ, ಮೊದಲು ನನ್ನ ಹೆಂಡತಿಯ ರೇಷ್ಮೆ ಸೀರೆಗಳಿದ್ದ ಎರಡು ಅರೆಗಳಲ್ಲಿ, ಒಂದನ್ನು ಬಿಟ್ಟು ಉಳಿದವೆಲ್ಲ ಪ್ಲಾಸ್ಟಿಕ್ ಕವರು ಹೊದ್ದು ಶಿಸ್ತಾಗಿ ನಿಂತಿವೆ. ನಾನು ಹಳೆಯ ಕಾಲದ ಮಕ್ಕಳ ಕುದುರೆ ಕಥೆಗಳ ಸಂಗ್ರಹಕಾರ. ಹೀಗೆಂದು ಹೇಳಿಕೊಂಡಾಗ ಜನ ಮೊದಲು ನಗುತ್ತಾರೆ, ನಾನು ನಗದಿರುವುದನ್ನು ನೋಡಿ ಸುಮ್ಮನಾಗುತ್ತಾರೆ, ಆಮೇಲೆ ಮೆಲ್ಲಗೆ "ರಿಟೈರ್ ಆಗಿ ಎಷ್ಟ್ ವರ್ಷ ಆಯ್ತು ಸಾರ್?" ಎಂದು ಕೇಳುತ್ತಾರೆ.

ನಿಜವಾದ ಕುದುರೆಗೂ ನನಗೂ ಇರುವ ನಂಟು ಒಂದೇ ದಿನದ್ದು. ಮದುವೆಯಾದ ಹೊಸದರಲ್ಲಿ ಊಟಿಗೆ ಹೋಗಿದ್ದೆವು. ಕೆರೆಯ ಹತ್ತಿರ ಬಾಡಿಗೆ ಕುದುರೆಗಳು ನಿಂತಿದ್ದವು. ನಾನು ಹತ್ತಿದ ಕುದುರೆ ನಾಲ್ಕು ಹೆಜ್ಜೆ ನಡೆದು, ಬೇಲಿ ಪಕ್ಕದ ಹುಲ್ಲಿಗೆ ಬಾಯಿ ಹಾಕಿ ಅಲ್ಲೇ ನಿಂತುಬಿಟ್ಟಿತು. ನಾನು ಅದರ ಮೇಲೆ ಕಚೇರಿಯ ಸ್ಟೂಲಿನ ಮೇಲೆ ಕೂತವನಂತೆ ಕೂತಿರುವಾಗ, ನನ್ನ ಹೆಂಡತಿ ಸರೋಜ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಇನ್ನೊಂದು ಕುದುರೆಯ ಮೇಲೆ ಎರಡು ಸುತ್ತು ಹೊಡೆದು ಬಂದಳು. "ಇನ್ನೊಂದೇ ಒಂದ್ ಸುತ್ತು ರೀ" ಎಂದಳು. "ಬಸ್ಸಿಗೆ ಹೊತ್ತಾಯ್ತು, ಇಳಿ" ಎಂದೆ. ಬಸ್ಸಿಗೆ ಇನ್ನೂ ಒಂದೂವರೆ ಗಂಟೆಯಿತ್ತು. ಆವತ್ತೇ ನನಗೆ ಜ್ಞಾನೋದಯವಾಗಿರಬೇಕು: ಕುದುರೆ ಹತ್ತುವುದಕ್ಕಿಂತ ಕುದುರೆಯ ಪುಸ್ತಕ ಕೂಡಿಸಿಡುವುದು ಸೊಂಟಕ್ಕೂ ಮಾನಕ್ಕೂ ಕ್ಷೇಮ.

ಈ ಪುಸ್ತಕಗಳನ್ನು ನೀವೂ ನೋಡಿರುತ್ತೀರಿ. ಮೂವತ್ತೆರಡು ಪುಟ, ನಡುವೆ ತುಕ್ಕು ಹಿಡಿದ ಎರಡು ಪಿನ್ನು, ಮುಖಪುಟದಲ್ಲಿ ಮೂರು ಬಣ್ಣದ ಒಂದು ಕುದುರೆ. ಬಣ್ಣದ ಮೇಲೆ ಬಣ್ಣ ಸರಿಯಾಗಿ ಕೂರದೆ ಪ್ರತಿ ಕುದುರೆಯ ಹಿಂದೆಯೂ ಇನ್ನೊಂದು ಕುದುರೆ ಇಣುಕುತ್ತಿರುತ್ತದೆ. ಚಿತ್ರ ಬರೆದವರು ಕುದುರೆಯನ್ನು ದೂರದಿಂದ, ಹಸುವನ್ನು ಹತ್ತಿರದಿಂದ ನೋಡಿದವರು ಎಂಬುದು ಕಾಲಿನ ಗಂಟು ನೋಡಿದರೆ ಗೊತ್ತಾಗುತ್ತದೆ. ಎಷ್ಟೋ ಕಥೆಗಳು ಇಂಗ್ಲಿಷಿನಿಂದ ವಲಸೆ ಬಂದವು. ಹಿಮದಲ್ಲಿ ಹುಟ್ಟಿದ ಕುದುರೆ ಮೂರನೆಯ ಪುಟದ ಹೊತ್ತಿಗೆ ಹುರುಳಿ ತಿನ್ನುತ್ತ, ಕೊನೆಯ ಪುಟದಲ್ಲಿ ಹಿರಿಯರ ಮಾತು ಕೇಳಬೇಕೆಂದು ಮಕ್ಕಳಿಗೆ ಬುದ್ಧಿ ಹೇಳುತ್ತದೆ. ಜೀವಮಾನವೆಲ್ಲ ಕಂಡವರನ್ನು ಹೊತ್ತು ಬೆನ್ನು ಸವೆಸಿಕೊಂಡ ಪ್ರಾಣಿಯ ಬಾಯಿಂದಲೇ ವಿಧೇಯತೆಯ ಪಾಠ ಹೇಳಿಸುವುದು ಎಷ್ಟು ಅನುಕೂಲ ನೋಡಿ. ಇದಕ್ಕಿಂತ ಹೆಚ್ಚು ನನ್ನನ್ನು ಕೇಳಬೇಡಿ. ಪುಟ ಎಣಿಸುವಾಗ ಕಣ್ಣಿಗೆ ಬಿದ್ದದ್ದು ಇಷ್ಟೇ. ಸಂಗ್ರಹಕಾರರು ಪುಸ್ತಕವನ್ನು ಓದುವುದಿಲ್ಲ.

ಈ ನೀತಿಯನ್ನು ನನಗೆ ಕಲಿಸಿದವರು ನಾಗರಬಾವಿಯ ವಾಸುದೇವಯ್ಯನವರು. ನಿವೃತ್ತ ಲೈಬ್ರರಿಯನ್. ಕೆಲಸದಲ್ಲಿದ್ದಷ್ಟು ಕಾಲವೂ ಓದುಗರಿಂದ ಪುಸ್ತಕಗಳನ್ನು ಕಾಪಾಡಿದವರು. "ಮಗು ಮುಟ್ಟಿರಬಾರ್ದು ಸಾರ್, ಒಳ್ಳೇ ಮಕ್ಕಳ ಪುಸ್ತಕಕ್ಕೆ ಅದೇ ಮೊದಲ್ನೇ ಲಕ್ಷಣ" ಎನ್ನುತ್ತಾರೆ. ಅವರ ಪ್ರಕಾರ, ಯಾವ ಮಗುವಿಗೂ ಬೇಡವಾಗಿ ಗೋದಾಮಿನಲ್ಲೇ ಉಳಿದ ಪುಸ್ತಕಕ್ಕೆ ಮೊದಲ ದರ್ಜೆ. ಮಗುವೊಂದು ದಿಂಬಿನ ಕೆಳಗಿಟ್ಟುಕೊಂಡು ಮಲಗಿದ, ಸಾರು ಮೆತ್ತಿದ ಕೈಯಲ್ಲಿ ಪುಟ ತಿರುವಿದ, ಕುದುರೆಗೆ ಮೀಸೆ ಬರೆದ ಪುಸ್ತಕಕ್ಕೆ ಕೊನೆಯ ದರ್ಜೆ. ನಮ್ಮ ವಾಟ್ಸ್ಯಾಪ್ ಗುಂಪಿನಲ್ಲಿ ಐದು ಜನರಿದ್ದೇವೆ. ಐವರಿಗೂ ಮಂಡಿನೋವು, ಐವರಿಗೂ ಮೀಸೆಯಿಲ್ಲದ ಕುದುರೆಯೇ ಬೇಕು.

ಕುದುರೆಯ ಮೇಲಿನ ಕಲೆಗಾಗಿ ಕಿತ್ತಾಡುವುದು ನಾವು ಕಂಡುಹಿಡಿದದ್ದೇನಲ್ಲ. ಸಮುದ್ರ ಕಡೆದಾಗ ಹುಟ್ಟಿದ ಬಿಳಿ ಕುದುರೆಯನ್ನು ದೂರದಿಂದ ನೋಡಿ, ಅದರ ಬಾಲ ಬಿಳಿಯೋ ಕಪ್ಪೋ ಎಂದು ಅಕ್ಕತಂಗಿಯರಿಬ್ಬರು ಪಣ ಕಟ್ಟಿದ ಕಥೆ ಪುರಾಣದಲ್ಲಿದೆ. ಒಬ್ಬಳು ಗೆಲ್ಲಬೇಕೆಂದು ತನ್ನ ಹಾವಿನ ಮಕ್ಕಳನ್ನು ಬಾಲಕ್ಕೆ ಸುತ್ತಿಕೊಳ್ಳಲು ಹೇಳಿ ಕಪ್ಪು ಮಾಡಿಸಿದಳು. ಇನ್ನೊಬ್ಬಳು ಸೋತು ದಾಸಿಯಾದಳು. ಇಷ್ಟೆಲ್ಲ ರಂಪ ಮಾಡಿದ ಇಬ್ಬರಿಗೂ, ಅಷ್ಟು ಚಂದದ ಕುದುರೆಯನ್ನು ಒಮ್ಮೆ ಹತ್ತಿ ನೋಡೋಣ ಎನ್ನಿಸಲಿಲ್ಲ. ನಮ್ಮ ಗುಂಪಿಗೆ ಕುಲದೇವತೆಗಳು ಬೇಕೆಂದರೆ ಈ ಇಬ್ಬರೇ ಸಾಕು.

ಆ ಅಮ್ಮ ಬಾಲ ಕಪ್ಪು ಮಾಡಿಸಿದಳು, ನಾನು ಬಿಳಿ ಮಾಡುತ್ತೇನೆ, ಅಷ್ಟೇ ವ್ಯತ್ಯಾಸ. ನನ್ನ ಆಯುಧ ಒಂದು ಮೆದು ರಬ್ಬರು. ಹೊಸ ಪುಸ್ತಕ ಕೈಗೆ ಬಂದರೆ ಮೊದಲು ಹಳೆಯ ಕಂದು ಕಾಗದದ ಬೈಂಡು ಕಿತ್ತು ಬಿಸಾಡುತ್ತೇನೆ. ಆಮೇಲೆ ಕಿಟಕಿಯ ಪಕ್ಕ ಕೂತು ಪುಟಪುಟವಾಗಿ ಪೆನ್ಸಿಲ್ ಗೀಚು ಅಳಿಸುತ್ತೇನೆ. ಹೆಚ್ಚು ಕೆಲಸ ಕೊಡುವುದು ಕೊನೆಯ ಪುಟ. ಈ ಪುಸ್ತಕಗಳ ಕೊನೆಯಲ್ಲಿ ಪ್ರಶ್ನೆಗಳಿರುತ್ತವೆ, ಕೆಳಗೆ ಉತ್ತರಕ್ಕೆಂದು ಚುಕ್ಕಿ ಸಾಲುಗಳು. ಕುದುರೆಯ ಬಣ್ಣ ಯಾವುದು, ಯಜಮಾನನ ಹೆಸರೇನು ಎಂದು ನಾಲ್ಕು ಪ್ರಶ್ನೆ ಕೇಳಿ ದಣಿದ ಬಳಿಕ, ಐದನೆಯದಾಗಿ ಒಂದು ಒಳ್ಳೆಯ ಪ್ರಶ್ನೆ: "ನಿನಗೊಂದು ಕುದುರೆ ಸಿಕ್ಕರೆ ಎಲ್ಲಿಗೆ ಹೋಗುವೆ?" ಮಕ್ಕಳು ಅಲ್ಲಿ ಪೆನ್ಸಿಲ್ ಒತ್ತಿ ಒತ್ತಿ ಬರೆದಿರುತ್ತವೆ. ಕೈ ನೋಯುವಷ್ಟು ಉಜ್ಜಬೇಕು.

ನಮ್ಮ ಮಹಡಿಯ ಮನೆಗೆ ಗದಗದ ಕಡೆಯ ಸಂಸಾರವೊಂದು ಬಾಡಿಗೆಗೆ ಬಂದಿದೆ. ಅವರ ಮಗಳು ಭಾಗ್ಯಶ್ರೀ, ಮೂರನೇ ಕ್ಲಾಸು, ಒಮ್ಮೆ ಬೀರು ತೆರೆದಿದ್ದಾಗ ಬಂದು ನಿಂತಳು. ಎರಡು ಸಲ ಕೈ ತೊಳೆಸಿ, ಕವರಿನ ಹೊರಗಿನಿಂದಲೇ ಒಂದು ಪುಸ್ತಕ ತೋರಿಸಿದೆ.

"ಒಳಗ ಏನೈತಿ ಅಜ್ಜಾ?"

"ಕಥೆ ಇದೆ ಮರಿ."

"ಯಾವ ಕಥಿ? ಹೇಳ್ರಲ್ಲಾ."

ನನಗೆ ಗೊತ್ತಿರಲಿಲ್ಲ. ಹೋಮ್‌ವರ್ಕ್ ಆಯಿತಾ ಎಂದು ಕೇಳಿ ಅವಳನ್ನು ಮೇಲಕ್ಕೆ ಕಳಿಸಿದೆ. ತಮ್ಮ ಅಜ್ಞಾನ ಮುಚ್ಚಿಕೊಳ್ಳಲು ಹಿರಿಯರಿಗೆ ಈ ಪ್ರಶ್ನೆ ಬಹಳ ಒದಗಿಬರುತ್ತದೆ.

ಹೋದ ತಿಂಗಳು ಸರೋಜಳ ತಮ್ಮ ಗಿರೀಶ ರಾಜಾಜಿನಗರದ ಅವರ ತಂದೆಯ ಮನೆಗೆ ಸುಣ್ಣಬಣ್ಣ ಮಾಡಿಸುತ್ತಿದ್ದ. ನಾನು ನೋಡಲು ಹೋದಾಗ ಅಟ್ಟದಿಂದ ಇಳಿಸಿದ ಹಳೆ ಕಾಗದದ ರಾಶಿ ಅಂಗಳದಲ್ಲಿತ್ತು. "ಭಾವ, ರದ್ದಿಗೆ ಹಾಕ್ತಾ ಇದೀನಿ, ನಿಮ್ದೇನಾದ್ರೂ ಕುದುರೆ ಗಿದುರೆ ಇದ್ರೆ ನೋಡ್ಕೊಳ್ಳಿ" ಎಂದು ನಕ್ಕ. ಒಂದು ಇತ್ತು! ಬೀನ್ಸಿನ ಚೀಲದ ತಳದಲ್ಲಿ ಮುಚ್ಚಿಟ್ಟುಕೊಂಡು ತಂದೆ. ತೊಂಬತ್ತೇಳನೆಯ ಕುದುರೆ ಬಂದ ದಿನ ಸರೋಜ, ಇನ್ನೊಂದು ಬಂದರೆ ತಾನು ತವರಿಗೆ ಹೋಗುವುದಾಗಿ ಹೇಳಿದ್ದಳು. ಈಗ ಕುದುರೆಯೇ ಅವಳ ತವರಿನಿಂದ ಬಂದಿತ್ತು.

ಮಧ್ಯಾಹ್ನ ಅವಳು ಅಡುಗೆಮನೆಯಲ್ಲಿದ್ದಾಗ ಬೈಂಡು ಕಿತ್ತು ಕಸದ ಬುಟ್ಟಿಗೆ ಹಾಕಿದೆ. ಮೊದಲ ಹಾಳೆ ಹರಿದುಹೋಗಿತ್ತು, ಉಳಿದದ್ದು ಚೆನ್ನಾಗಿತ್ತು. ಕೊನೆಯ ಪುಟದ ಐದನೆಯ ಪ್ರಶ್ನೆಗೆ ಎರಡು ಸಾಲು ತುಂಬ ಬರಹವಿತ್ತು. ಕಾಲು ಗಂಟೆ ಉಜ್ಜಿ, ಪುಡಿ ಊದಿ, ಮೊದಲ ದರ್ಜೆಗೆ ಸ್ವಲ್ಪ ಕಡಿಮೆ ಎಂದು ಖುಷಿಪಟ್ಟೆ. ಆಗ ಸರೋಜ ಬಾಗಿಲಲ್ಲಿ ಬಂದು ನಿಂತಳು. ಮಸಾಲೆ ಡಬ್ಬಿಗಳ ಅರೆಗೆ ಹಾಸಲೆಂದು ಬುಟ್ಟಿಯಿಂದ ಎತ್ತಿಕೊಂಡ ಬೈಂಡು ಅವಳ ಕೈಯಲ್ಲಿತ್ತು. ಅದರ ಲೇಬಲ್ಲನ್ನು ನನ್ನ ಮುಖಕ್ಕೆ ಹಿಡಿದಳು. ಸರೋಜ, ನಾಲ್ಕನೆಯ ತರಗತಿ, 'ಬಿ' ವಿಭಾಗ.

"ನನ್ ಪುಸ್ತಕ ಕಣ್ರೀ ಇದು! ಕೊನೇಲಿ ಕುದುರೆ ಸಿಕ್ಕಿದ್ರೆ ಎಲ್ಲಿಗ್ ಹೋಗ್ತೀಯ ಅಂತ ಕೇಳಿದ್ರು. ಎರಡ್ ದಿನ ಮೆಟ್ಲ ಮೇಲೆ ಕೂತು ಯೋಚ್ನೆ ಮಾಡಿ ಬರ್ದಿದ್ದೆ. ಏನ್ ಬರ್ದೆ ಅನ್ನೋದೇ ಮರ್ತುಹೋಗಿದೆ. ಕೊಡಿ, ಕೊಡಿ ನೋಡೋಣ."

ನನ್ನ ಪಂಚೆಯ ತುಂಬ ರಬ್ಬರಿನ ಪುಡಿಯಿತ್ತು. ಅವಳು ಪುಟ ನೋಡಿದಳು, ಪಂಚೆ ನೋಡಿದಳು.

"ಅಳಿಸಿಬಿಟ್ರಾ?" ಎಂದಳು. ಮತ್ತೆ, "ಹೋಗ್ಲಿ, ಅಳಿಸೋಕ್ ಮುಂಚೆ ಓದಿರ್ತೀರಲ್ಲ. ಏನಿತ್ತು?"

ಓದಿರಲಿಲ್ಲ. ನನಗೆ ನಿಜವಾಗಿ ನಾಚಿಕೆಯಾಯಿತು. ಅವಳ ಎದುರು ಇಷ್ಟು ಸಣ್ಣವನಾಗಿ ನಾನೆಂದೂ ನಿಂತಿರಲಿಲ್ಲ. ಇಲಿ, ಗೆದ್ದಲು, ಸೋರುವ ಸೂರು, ಎಲ್ಲವನ್ನೂ ಐವತ್ತು ವರ್ಷ ತಡೆದುಕೊಂಡ ಎರಡು ಸಾಲಿಗೆ ನನ್ನನ್ನು ಕಾಲು ಗಂಟೆ ತಡೆದುಕೊಳ್ಳಲಾಗಲಿಲ್ಲ. ಪುಟವನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದು ಇಬ್ಬರೂ ಕಣ್ಣು ಕಿರಿದು ಮಾಡಿ ನೋಡಿದೆವು. ನಾನು ಬಲು ಚೆನ್ನಾಗಿ ಉಜ್ಜಿದ್ದೆ.

"ಈಗ ಹೇಳು. ಕುದುರೆ ಸಿಕ್ಕಿದ್ರೆ ಎಲ್ಲಿಗ್ ಹೋಗ್ತೀಯ?" ಎಂದೆ. ಕೇಳಿದ ಮೇಲೆ ಹೊಳೆಯಿತು, ನಲವತ್ತು ವರ್ಷದ ಸಂಸಾರದಲ್ಲಿ ಎಲ್ಲಿಗೆ ಹೋಗುತ್ತಿದ್ದೇವೆಂದು ಅವಳಿಗೆ ಹೇಳಿದ್ದೇನೆ, ಎಲ್ಲಿಗೆ ಹೋಗಬೇಕೆಂದು ಕೇಳಿದ್ದು ಇದೇ ಮೊದಲು.

"ಕುದುರೆ ಇದ್ದಿದ್ರೆ ನಿಮ್ ಜೊತೆ ಮಾತಾಡ್ಕೊಂಡ್ ನಿಂತಿರ್ತಿದ್ನಾ?" ಎಂದಳು.

ನಾನು ಪೆನ್ಸಿಲ್ ಚೂಪು ಮಾಡಿ ಕೊಟ್ಟೆ. ಅದನ್ನು ಪಕ್ಕಕ್ಕಿಟ್ಟು, ನನ್ನ ಜೇಬಿನಿಂದ ಬಾಲ್ ಪೆನ್ನು ಎಳೆದುಕೊಂಡಳು. ನಿಂತೇ ಬರೆದು, ಪುಸ್ತಕ ಮುಚ್ಚಿ, ಒಳಗೆ ಹೋದಳು. ನನ್ನ ಸಂಗ್ರಹದ ಪುಸ್ತಕದಲ್ಲಿ ನಾನು ಮೊದಲ ಬಾರಿಗೆ ಮನಸ್ಸಿಟ್ಟು ಓದಿದ್ದು ಆ ಎರಡು ಸಾಲು.

ವಾಸುದೇವಯ್ಯನವರಿಗೆ ಫೋನಿನಲ್ಲಿ ಹೇಳಿದೆ. "ಬಾಲ್ ಪೆನ್ನಾ? ಪುಸ್ತಕ ಸತ್ತೋಯ್ತು ಬಿಡಿ ಸಾರ್" ಎಂದು ಸಂತಾಪ ಸೂಚಿಸಿದರು.

ಸತ್ತ ಪುಸ್ತಕಕ್ಕೆ ಪ್ಲಾಸ್ಟಿಕ್ ಕವರು ದಂಡ. ಮರುದಿನ ಭಾಗ್ಯಶ್ರೀಯನ್ನು ಕರೆದು ಕೊಟ್ಟೆ, ಕೈ ತೊಳೆಸಲಿಲ್ಲ. ಚಕ್ಕುಲಿ ತಿಂದ ಬೆರಳಲ್ಲೇ ಪುಟ ತಿರುವುತ್ತ, ನೆಲದ ಮೇಲೆ ಕೂತು ಗಟ್ಟಿಯಾಗಿ ಓದಿದಳು. ಕುದುರೆ ಯಜಮಾನನನ್ನು ಬಿಟ್ಟು ಓಡಿಹೋಗಿ, ಕೊನೆಗೆ ಬುದ್ಧಿ ಕಲಿತು ವಾಪಸು ಬಂತು. "ಯಾಕ ಬಂತು? ಹುಚ್ಚ ಕುದುರಿ" ಎಂದು ಷರಾ ಹಾಕಿ, ಐದನೆಯ ಪ್ರಶ್ನೆಗೆ ಬಂದಳು. ಅದರ ಕೆಳಗಿನ ನೀಲಿ ಅಕ್ಷರಗಳನ್ನೂ ಓದಿದಳು.

"ಮೊದಲು ಊಟಿಗೆ. ಮೂರನೇ ಸುತ್ತು ಬಾಕಿ ಇದೆ. ಆಮೇಲೆ ಎಲ್ಲಿಗೆ ಅಂತ ಕುದುರೆಯನ್ನು ಕೇಳುತ್ತೇನೆ, ಇವರನ್ನಲ್ಲ."

ತಲೆಯೆತ್ತಿ ಕೇಳಿದಳು: "ಅಜ್ಜಾ, ಇವರು ಅಂದ್ರ ಯಾರು?"

ಅಡುಗೆಮನೆಯಲ್ಲಿ ಸೌಟಿನ ಸದ್ದು ನಿಂತಿತು.

"ಯಾರೋ ಒಬ್ರು ಮರಿ," ಎಂದೆ, "ಬಸ್ಸಿಗೆ ಇನ್ನೂ ಒಂದೂವರೆ ಗಂಟೆ ಇದ್ದಾಗ್ಲೇ ಹೊತ್ತಾಯ್ತು ಅಂದೋರು."